ಮೇಜಿನ ಹಲಗೆ

ನಮ್ಮ ಭಾವ ಎಲೆಕ್ಟ್ರಿಕ್ ಗಿಟಾರ್ ಮಾಡುವವರು. ಮರ ಆರಿಸುವಾಗ ಹಲಗೆಯನ್ನು ಎರಡು ಬೆರಳಲ್ಲಿ ಇಳಿಬಿಟ್ಟು, ಗೆಣ್ಣಿನಿಂದ ತಟ್ಟಿ, ಕಣ್ಣು ಮುಚ್ಚಿ ಕೇಳುತ್ತಾರೆ. ಹಾಗಾಗಿ ಬೀದಿಯಲ್ಲಿ ಅವರ ಹೆಸರು ತಟ್ಟಪ್ಪ. ಕರೆಂಟಿನ ಗಿಟಾರಿಗೆ ಯಾವ ಮರವಾದರೇನು ಎಂದವರಿಗೆ ಅಂಗಡಿಯ ಬಾಗಿಲು ಬಂದ್. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಅವರ ಕಿವಿ ಮಂದವಾಗತೊಡಗಿ ಎರಡು ವರ್ಷವಾಗಿತ್ತು. ಅವರೊಬ್ಬರನ್ನು ಬಿಟ್ಟು ಮನೆಯವರಿಗೆಲ್ಲ ಗೊತ್ತಿತ್ತು. "ಈಗ ಬೈದ್ರೂ ನಗ್ತಾರೆ, ಸಂಸಾರ ಸುಖವಾಗಿದೆ" ಎಂದು ಅಕ್ಕ ಹೇಳಿದಾಗ ನಾನೂ ನಕ್ಕಿದ್ದೇನೆ. ಕಿವಿಯನ್ನೇ ನಂಬಿ ಬದುಕಿದವರಿಗೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಒಂದು ದಿನ ಶಾಲೆಯ ಸಂಗೀತ ಟೀಚರ್ ಒಬ್ಬರು ದಪ್ಪ ಹಲಗೆಯೊಂದನ್ನು ಹೊತ್ತು ತಂದರು. ಬಡಗಿಯಾಗಿದ್ದ ಅವರ ತಂದೆ ತೀರಿಕೊಂಡಿದ್ದರು. ಹಲಗೆ ಅವರ ಕೆಲಸದ ಮೇಜಿನದು.

"ಇದ್ರಲ್ಲೇ ನಂಗೊಂದು ಗಿಟಾರ್ ಮಾಡಿಕೊಡಿ."

ಭಾವ ಮೂರು ಸಲ ತಟ್ಟಿದರು. "ಇದು ಸತ್ತ ಮರ ಕಣಮ್ಮ. ದನಿಯೇ ಇಲ್ಲ."

ಅವರ ಅಂಗಡಿಯಲ್ಲೇ ಕೆಲಸಕ್ಕಿದ್ದು, ಆಗ ತಡಿಕೆಯ ಹಿಂದೆ ಪಾಲಿಶ್ ಹಾಕುತ್ತಿದ್ದ ನನಗೆ ಮೂರು ಸಲವೂ ಕೇಳಿಸಿತ್ತು. ತುಂಬಿದ ದನಿ, ತಟ್ಟಿದ ಮೇಲೂ ಸ್ವಲ್ಪ ಹೊತ್ತು ನಿಂತಿತ್ತು. ಗಿರಾಕಿಯ ಮುಂದೆ ಭಾವನ ಮಾನ ಯಾಕೆ ಕಳೆಯಲಿ ಎಂದುಕೊಂಡು ತುಟಿ ಪಿಟಕ್ಕೆನ್ನಲಿಲ್ಲ. ಟೀಚರ್ ಹಲಗೆಯ ಮೇಲೆ ಒಮ್ಮೆ ಕೈಯಾಡಿಸಿ, "ಹಾಗಾದ್ರೆ ಇಟ್ಕೊಳ್ಳಿ, ಬೇರೆ ಮರದಲ್ಲೇ ಮಾಡಿ" ಎಂದು ಹೋದರು. ಅದೇ ವಾರ ಭಾವ ಹಲಗೆಯನ್ನು ಗರಗಸಕ್ಕೆ ಕೊಟ್ಟರು. ಗಿಟಾರಿನ ಭಾಗಗಳಿಗೆ ಅಂಟು ಹಾಕಿ ಬಿಗಿಯುವಾಗ ಒತ್ತು ಕೊಡುವ ಸಣ್ಣ ತುಂಡುಗಳಾದವು.

ಎರಡು ತಿಂಗಳ ಮೇಲೆ ಅಕ್ಕ ಹಟ ಹಿಡಿದು ಅವರಿಗೆ ಕಿವಿಯ ಮಷೀನು ಹಾಕಿಸಿದಳು. ಮರುದಿನ ಭಾವ ಅಂಗಡಿಯಲ್ಲಿ ಕಂಡದ್ದನ್ನೆಲ್ಲ ತಟ್ಟುತ್ತ ಓಡಾಡಿದರು, ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ. ಆ ತುಂಡುಗಳಲ್ಲೊಂದನ್ನು ತಟ್ಟಿದವರು ಅಲ್ಲೇ ನಿಂತುಬಿಟ್ಟರು. ಮತ್ತೊಂದನ್ನು ತಟ್ಟಿದರು.

"ಅವತ್ತು ನಿಂಗೆ ಕೇಳಿಸ್ತಾ?"

"ಕೇಳಿಸ್ತು, ಭಾವ."

ಬೈದಿದ್ದರೆ ಚೆನ್ನಾಗಿತ್ತು. ಅವರು ತುಂಡನ್ನು ಕೈಯಲ್ಲಿ ಹಿಡಿದೇ ಸ್ಟೂಲಿನ ಮೇಲೆ ಕೂತರು.

ಗಿಟಾರ್ ಒಯ್ಯಲು ಟೀಚರ್ ಬಂದ ದಿನ ಭಾವ ಏನನ್ನೂ ಮುಚ್ಚಿಡಲಿಲ್ಲ. ತುಂಡುಗಳನ್ನೆಲ್ಲ ಮೇಜಿನ ಮೇಲೆ ಇಟ್ಟು, "ಮರ ಸತ್ತಿರ್ಲಿಲ್ಲಮ್ಮ, ನನ್ನ ಕಿವಿ ಸತ್ತಿತ್ತು. ನಿಮ್ಮಪ್ಪನ ಹಲಗೇನ ಹಾಳು ಮಾಡ್ಬಿಟ್ಟೆ" ಎಂದರು. ನಾನು ಪಕ್ಕದಲ್ಲೇ ನಿಂತು ಹೊಸ ಗಿಟಾರನ್ನು ಒರೆಸುತ್ತಿದ್ದೆ.

ಟೀಚರ್ ಒಂದು ತುಂಡನ್ನು ಕೈಗೆತ್ತಿಕೊಂಡರು. ಅದನ್ನು ತಿರುಗಿಸಿ ನೋಡುತ್ತ ಕೇಳಿದರು: "ಅವತ್ತು ಅಂಗಡೀಲಿ ಬೇರೆ ಯಾರೂ ಇರ್ಲಿಲ್ವಾ? ಯಾರಾದ್ರೂ ಒಂದು ಮಾತು ಹೇಳಬಹುದಿತ್ತು."

"ಯಾರೂ ಇರ್ಲಿಲ್ಲಮ್ಮ, ನಾನೊಬ್ನೇ" ಎಂದರು ಭಾವ, ನನ್ನ ಕಡೆ ತಿರುಗಿಯೂ ನೋಡದೆ.

ನಾನಿದ್ದೆ ಎನ್ನಬಹುದಿತ್ತು. ನಾನು ಗಿಟಾರನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಟೀಚರ್ ಕೈಗೆ ಕೊಟ್ಟೆ.