‘ಬರ್ತೇನೆ’ ಅಂತ ಹೇಳಿ ಹೋದದ್ದು

ಲಂಡನ್ನಿನ ರೇನರ್ಸ್ ಲೇನ್‌ನ ಲೈಬ್ರರಿ ಎದುರು ಶನಿವಾರ ಬೆಳಿಗ್ಗೆ ಒಂದು ವಾಕಿಂಗ್ ಗುಂಪು ಸೇರುತ್ತಿತ್ತು. ನಾನು ಅದಕ್ಕೆ ಸೇರಿಕೊಂಡದ್ದು ನಮ್ಮ ಜಿಪಿಯ, ಅಂದರೆ ಬೀದಿಯ ಕ್ಲಿನಿಕ್ಕಿನ ಡಾಕ್ಟರ ಒತ್ತಾಯಕ್ಕೆ. ರಕ್ತದಲ್ಲಿ ಸಕ್ಕರೆ ಏರುತ್ತಾ ಇತ್ತು. ಗುಂಪಿನ ಮುಂದಾಳು ನಿವೃತ್ತ ಭೂಗೋಳದ ಟೀಚರ್, ಇಂಗ್ಲಿಷ್ ಹೆಂಗಸು. ಮಳೆ ಹನಿದರೆ ಉಳಿದವರು ಕೊಡೆ ಬಿಚ್ಚುವಾಗ ಅವರು ಮುಖ ಮೇಲೆತ್ತಿ ನಗುವಂಥವರು. ಎರಡು ಸಾವಿರದ ಇಸವಿ ಕಳೆದ ಹೊಸತು. ಒಂದು ಶನಿವಾರ ಕೆಫೆಯಲ್ಲಿ ಚಹಾ ಕುಡಿಯುತ್ತಾ, ಫೆಬ್ರವರಿಯಲ್ಲಿ ಶಾಲೆಗಳಿಗೆ ರಜೆ ಇರುವ ಹಾಫ್ ಟರ್ಮ್‌ನಲ್ಲಿ ಮೊರಾಕ್ಕೋದ ಮರುಭೂಮಿಯಲ್ಲಿ ನಡೆಯಲು ಹೋಗೋಣ, ಡೇರೆಯಲ್ಲಿ ಮಲಗೋಣ ಎಂದರು. ಯಾರ ಬಾಯಲ್ಲಿ ‘ಹ್ಞೂಂ’ ಬಂತೋ ಎಂದು ತಿರುಗಿ ನೋಡಿದರೆ, ಅದು ನನ್ನದೇ.

ನನ್ನ ಪಕ್ಕ ಕೂತಿದ್ದ ಗೆಳತಿ ಮೊಣಕೈಯಿಂದ ತಿವಿದಳು. ಅವಳು ಧಾರವಾಡದವಳು, ಅವಳ ಗಂಡ ಮತ್ತು ನನ್ನ ಗಂಡ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರು.

“ಅಲ್ರೀ, ಅಲ್ಲಿ ಉಸುಕು ಬಿಟ್ರ ಏನದ ನೋಡ್ಲಿಕ್ಕೆ?”

“ಉಸುಕು ಎಂತದು ಮಾರಾಯ್ತಿ, ಹೊಯ್ಗೆ ಅನ್ನು.”

“ಹೊಯ್ಗಿ ಅಂತ! ಉಡುಪಿಯವರು ಉಸುಕಿಗೂ ಎಣ್ಣಿ ಹಚ್ಚಿ ಮಾತಾಡ್ತೀರಿ.”

ಕೊನೆಗೆ ಅವಳೂ ಹೆಸರು ಕೊಟ್ಟಳು. ಚಳಿಗಾಲವಿಡೀ ನಾವಿಬ್ಬರೂ ಅಭ್ಯಾಸಕ್ಕೆಂದು ವೆಂಬ್ಲಿಯ ಅಂಗಡಿಯಿಂದ ತಂದ ಬಾಸ್ಮತಿ ಅಕ್ಕಿಯ ಚೀಲಗಳನ್ನು ಬೆನ್ನಿಗೆ ಹಾಕಿಕೊಂಡು ಹ್ಯಾರೋದ ಗುಡ್ಡ ಹತ್ತಿ ಇಳಿದೆವು. ಒಮ್ಮೆ ಅವಳ ಚೀಲ ಹರಿದು, ಚರ್ಚಿನ ಗೇಟಿನವರೆಗೂ ಅಕ್ಕಿ ಚೆಲ್ಲಿ, ಪಾರಿವಾಳಗಳು ನಮ್ಮ ಹಿಂದೆಯೇ ಬಂದವು. ನನ್ನ ಗಂಡನಿಗೆ ರಜೆ ಸಿಗಲಿಲ್ಲ. “ಅಮ್ಮನ ಮೇಲೆ ಒಂದು ಕಣ್ಣಿಡು” ಎಂದು ಹೇಳಿ ಮಗಳನ್ನು ಜೊತೆಗೆ ಕಳಿಸಿದರು. ಆಗ ಅವಳು ನಮ್ಮ ಪಿಯುಸಿಗೆ ಸಮನಾದ ಸಿಕ್ಸ್ತ್ ಫಾರ್ಮ್‌ನಲ್ಲಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯಲ್ಲಿ ಮಾಮೂಲು. ಅವಳಿಗೆ ಎಲ್ಲ ಅರ್ಥವಾಗುತ್ತದೆ ಎಂದೇ ನಾನು ತಿಳಿದಿದ್ದೆ.

ಕಾನ್ವೆಂಟಿನಲ್ಲಿ ನಮಗೆ ಭೂಗೋಳ ಕಲಿಸಿದ ಸಿಸ್ಟರ್ ಆಫ್ರಿಕಾದ ನಕ್ಷೆಯಲ್ಲಿ ಮರುಭೂಮಿಗೆ ಹಳದಿ ಕ್ರೇಯಾನ್ ತುಂಬಿಸಿ, ಇಲ್ಲಿ ಏನೂ ಇಲ್ಲ ಮಕ್ಕಳೇ ಎಂದು ಮುಂದಿನ ಪುಟ ತಿರುಗಿಸುತ್ತಿದ್ದರು. ಮೊದಲ ಬೆಳಿಗ್ಗೆ ಡೇರೆಯ ಜಿಪ್ ಎಳೆದು ತಲೆ ಹೊರಗಿಟ್ಟಾಗ ನನಗೆ ಕಂಡದ್ದರಲ್ಲಿ ಹಳದಿಯೇ ಇರಲಿಲ್ಲ. ದಿಬ್ಬಗಳು ಒಲೆಯ ಬೂದಿಯ ಬಣ್ಣದಲ್ಲಿದ್ದವು. ನೋಡುತ್ತಿದ್ದ ಹಾಗೆ ಅವುಗಳ ಒಂದು ಮಗ್ಗುಲು ಮಾತ್ರ ನಸುಗೆಂಪಾಯಿತು. ಬಿಸಿಲು ಬಂದ ಕಡೆ ಹಣ್ಣಾದ ಪಪ್ಪಾಯಿಯ ಬಣ್ಣ, ಬಾರದ ಕಡೆ ನೇರಳೆ, ಮಧ್ಯದಲ್ಲಿ ಚಾಕುವಿನಿಂದ ಕೊಯ್ದಂಥ ಒಂದು ಗೆರೆ. ಆ ಗೆರೆಯ ಮೇಲಿಂದ ಮರಳು ಹೊಗೆಯ ಹಾಗೆ ಏಳುತ್ತಿತ್ತು. ನಾನು ಶೂ ಹಾಕುವುದನ್ನೇ ಮರೆತು ಕೂತಿದ್ದೆ.

“ಮಮ್, ಯುವರ್ ಟೀ ಈಸ್ ಫುಲ್ ಆಫ್ ಸ್ಯಾಂಡ್” ಎಂದಳು ಮಗಳು.

ಮೂರನೆಯ ದಿನದ ಹೊತ್ತಿಗೆ ಗೆಳತಿಯ ಕಾಲಿನಲ್ಲಿ ಬೊಕ್ಕೆ ಎದ್ದಿತ್ತು. ಅವಳ ಹಾಗೆ ಕಾಲು ನೋವಿನವರೆಲ್ಲ ಒಂಟೆಗಳ ಜೊತೆ ಕೆಳಗಿನ ಸಮತಟ್ಟಾದ ದಾರಿಯಲ್ಲಿ ಬರುವುದು, ಉಳಿದವರು ಟೀಚರ್ ಜೊತೆ ದಿಬ್ಬ ಹತ್ತಿ ಹೋಗುವುದು ಎಂದು ತೀರ್ಮಾನವಾಯಿತು. ಹೊರಡುವ ಮೊದಲು ನಾನು ಒಂದು ದಿಬ್ಬದ ಮರೆಗೆ ಹೋಗಿ ಬರಬೇಕಿತ್ತು. ಮಗಳು ಸ್ಲೀಪಿಂಗ್ ಬ್ಯಾಗ್ ಸುತ್ತುತ್ತಿದ್ದಳು. “ಬರ್ತೇನೆ ಆಯ್ತಾ” ಎಂದೆ. ಅವಳು ತಲೆಯಾಡಿಸಿದಳು.

ಮುಂದೆ ಆದದ್ದೆಲ್ಲ ಆ ಒಂದು ಮಾತಿನಿಂದ. ಟೀಚರ್ ಬಂದು ನಿನ್ನ ಅಮ್ಮ ಎಲ್ಲಿ ಎಂದು ಕೇಳಿದಾಗ, ಮಗಳು ನನ್ನ ಮಾತನ್ನು ಇದ್ದ ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ, “ಶಿ ಈಸ್ ಕಮಿಂಗ್” ಎಂದಳಂತೆ. ನಾನು ಒಂಟೆಗಳ ಜೊತೆ ಬರುತ್ತಿದ್ದೇನೆ ಎಂದು ಟೀಚರ್ ಅರ್ಥ ಮಾಡಿಕೊಂಡರು. ಒಂಟೆಯ ಕಡೆಯವರು ನಾನು ಮಗಳ ಜೊತೆ ಇದ್ದೇನೆ ಎಂದುಕೊಂಡರು. ಎರಡೂ ಗುಂಪು ಹೊರಟುಹೋದವು.

ನನಗೆ ಇದೊಂದೂ ಗೊತ್ತಿಲ್ಲ. ಕಾನ್ವೆಂಟಿನ ಸಂಕೋಚ ಬೇರೆ, ಒಂದು ದಿಬ್ಬ ಸಾಲದು ಎಂದು ಎರಡನೆಯದನ್ನೂ ದಾಟಿದ್ದೆ. ಹಿಂತಿರುಗುವಾಗ ಮರಳಿನ ಮೇಲೆ ಸಣ್ಣ ಹೊಲಿಗೆಯಂಥ ಒಂದು ಸಾಲು ಕಂಡಿತು. ಎರಡೂ ಕಡೆ ಚುಕ್ಕಿ, ನಡುವೆ ಎಳೆದ ಗೆರೆ. ನಮಗೆ ಸಿಸ್ಟರ್ ಕಲಿಸಿದ ಹೆರಿಂಗ್‌ಬೋನ್ ಸ್ಟಿಚ್ಚಿನ ಹಾಗೆ. ಬಗ್ಗಿಕೊಂಡು ಅದರ ಹಿಂದೆ ಹೋದೆ. ಕೊನೆಯಲ್ಲಿ ಹೊಲಿಯುತ್ತಿದ್ದವನು ಸಿಕ್ಕಿದ, ಒಂದು ಕರಿ ಜೀರುಂಡೆ. ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ನಿಂತು, ಆಮೇಲೆ ಮರಳಿನೊಳಗೆ ಮುಳುಗಿಬಿಟ್ಟ. ತಲೆ ಎತ್ತಿದರೆ ಗಾಳಿ ಎದ್ದಿತ್ತು. ನನ್ನ ಹೆಜ್ಜೆಗಳು ಇರಲಿಲ್ಲ. ಇದೇ ದಿಬ್ಬ ಎಂದು ಹತ್ತಿ ನೋಡಿದೆ. ಆಚೆ ಕಡೆ ಖಾಲಿ ತಗ್ಗು. ಡೇರೆಯ ಗೂಟದ ತೂತು ಇಲ್ಲ, ಒಂಟೆಯ ಹಿಕ್ಕೆ ಇಲ್ಲ, ಬೆಂಕಿಯ ಬೂದಿ ಇಲ್ಲ. ಅದು ನಮ್ಮ ಜಾಗವೇ ಅಲ್ಲ.

ನೀರಿನ ಬಾಟಲಿ ರಕ್‌ಸ್ಯಾಕಿನಲ್ಲಿ ಉಳಿದಿತ್ತು. ಕೂಗಿದೆ. ಮರಳಿನಲ್ಲಿ ಕೂಗು ಸ್ವಲ್ಪ ದೂರವೂ ಹೋಗುವುದಿಲ್ಲ, ಬಾಯಿಯ ಎದುರೇ ಬಿದ್ದುಹೋಗುತ್ತದೆ. ದಾರಿ ತಪ್ಪಿದರೆ ನಡೆಯಬೇಡಿ, ಎತ್ತರಕ್ಕೆ ಹತ್ತಿ ಕೂತುಬಿಡಿ ಎಂದು ಟೀಚರ್ ಮೊದಲ ದಿನವೇ ಹೇಳಿದ್ದರು. ಇದ್ದುದರಲ್ಲೇ ಎತ್ತರದ ದಿಬ್ಬದ ನೆತ್ತಿಗೆ ಹತ್ತಿ, ಕೆಂಪು ಶಾಲು ಹಾಸಿ, ಗಾಳಿಗೆ ಹಾರದ ಹಾಗೆ ಅದರ ಮೇಲೇ ಕೂತೆ.

ಹೆದರಿಕೆ ಆಗಲಿಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ಆಯಿತು. ನಾಲಿಗೆ ಅಂಗುಳಕ್ಕೆ ಅಂಟಿತು. ಅವರು ನಾನಿಲ್ಲದ್ದನ್ನು ಗಮನಿಸದೇ ಇದ್ದರೆ, ಬಿಸಿಲು ಏರಿದರೆ, ಎಂದೆಲ್ಲ ಬಂತು. ಆದರೆ ಆ ಹೆದರಿಕೆಯ ಸುತ್ತ ಇದ್ದದ್ದು ಅದಕ್ಕಿಂತ ಎಷ್ಟೋ ದೊಡ್ಡದು. ದಿಬ್ಬಗಳು ದಿಗಂತದವರೆಗೂ ಒಂದರ ಹಿಂದೆ ಒಂದು ನಿಂತಿದ್ದವು, ಯಾವುದಕ್ಕೂ ನಾನು ಬೇಕಿರಲಿಲ್ಲ. ನಮ್ಮ ಲಂಡನ್ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಇಲ್ಲದ ಗಳಿಗೆ ಇಲ್ಲ, ಹಿತ್ತಲ ಆಚೆ ಟ್ಯೂಬ್ ರೈಲು. ಇಲ್ಲಿ ನನ್ನ ಕಿವಿಯೊಳಗೆ ರಕ್ತ ಹರಿಯುವುದು ಕೇಳಿತು. ರೆಪ್ಪೆ ಬಡಿದದ್ದೂ ಕೇಳಿತು ಎಂದರೆ ಮನೆಯವರು ನಗುತ್ತಾರೆ, ಕೇಳಿದ್ದು ನಿಜ.

ಆಮೇಲೆ ಇನ್ನೊಂದು ಸದ್ದು ಶುರುವಾಯಿತು. ಮೊದಲು ಕೂತಲ್ಲಿ ತೊಡೆಗೆ ಗೊತ್ತಾಯಿತು, ಮತ್ತೆ ಕಿವಿಗೆ. ಕಾನ್ವೆಂಟಿನ ಚ್ಯಾಪೆಲ್ಲಿನ ಆರ್ಗನ್ನಿನ ಅತಿ ದಪ್ಪದ ಸ್ವರವನ್ನು ಯಾರೋ ಒತ್ತಿ ಹಿಡಿದ ಹಾಗೆ. ವಿಮಾನವೋ ಎಂದು ಆಕಾಶ ನೋಡಿದೆ. ಖಾಲಿ. ಸ್ವರ ನೆಲದಿಂದಲೇ ಬರುತ್ತಿತ್ತು. ನನ್ನ ಕೈಗಳು ತಾವಾಗಿಯೇ ಜೋಡಿಕೊಂಡವು. ನನ್ನನ್ನು ಯಾರೋ ಕರೆಯಲು ಬಂದಿದ್ದಾರೆ, ಸಾವು ಬರುವುದು ಹೀಗೆ, ಸರಿ ಎಂದುಕೊಂಡೆ.

ಪಕ್ಕದ ದಿಬ್ಬದ ಕಡಿದಾದ ಇಳಿಜಾರಿನಲ್ಲಿ ಮರಳಿನ ಹಾಳೆಯೇ ಜಾರುತ್ತಿತ್ತು. ಅದರ ನಡುವೆ ಮೊಣಕಾಲುದ್ದ ಹೂತು, ಎದ್ದು, ಬಿದ್ದು, ಕೆಳಗೆ ಓಡಿಬರುತ್ತಿದ್ದದ್ದು ನನ್ನ ಮಗಳು. ಹಿಂದೆ ನಮ್ಮ ಗುಂಪಿನ ನೀಲಿ ರುಮಾಲಿನ ಗೈಡು. ಆ ಸ್ವರ ಜಾರುವ ಮರಳಿನದೇ, ಅವಳ ಕಾಲಿಗೆ ದಿಬ್ಬ ಹಾಡುತ್ತಿತ್ತು.

“ಅಮ್ಮಾ! ಅಲ್ಲೇ ಕೂತ್ಕೋ! ಏಳ್ಬೇಡ! ಅಲ್ಲೇ ಕೂತ್ಕೋ!”

ಕನ್ನಡದಲ್ಲಿ ಇಷ್ಟುದ್ದ ಅವಳು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. ಮೇಲೆ ಹತ್ತಿ ಬಂದವಳು ನೀರಿನ ಬಾಟಲಿಯನ್ನು ನನ್ನ ಬಾಯಿಗೇ ಹಿಡಿದಳು. ದಿಬ್ಬದ ಮೇಲಿಂದ ನೋಡಿದಾಗ ಕೆಳದಾರಿಯ ಒಂಟೆಗಳ ಜೊತೆ ನಾನಿಲ್ಲದ್ದು ಕಂಡು, ಟೀಚರ್ ಹೇಳುವ ಮೊದಲೇ ಗೈಡಿನ ತೋಳು ಹಿಡಿದು ಓಡಿದ್ದಳಂತೆ.

“ನೀನೇ ಬರ್ತೇನೆ ಅಂದದ್ದು! ಯು ಸೆಡ್ ಯು ವರ್ ಕಮಿಂಗ್!”

“ಬರ್ತೇನೆ ಅಂದ್ರೆ ಹೋಗ್ತೇನೆ ಅಂತ, ಮಗಾ.”

“ವಾಟ್? ಮತ್ತೆ ಹೋಗ್ತೇನೆ ಅಂತ ಯಾಕೆ ಹೇಳ್ಳಿಲ್ಲ?”

“ಹಾಗೆ ಹೇಳ್ಬಾರ್ದು. ಹೋಗ್ತೇನೆ ಅಂದ್ರೆ, ಮತ್ತೆ ಬರುವುದಿಲ್ಲ ಅಂತ ಆಗ್ತದೆ.”

ಅವಳು ನನ್ನನ್ನು ದಿಟ್ಟಿಸಿದಳು. ಮುಖದ ತುಂಬ ಮರಳು, ಕಣ್ಣೀರು ಇಳಿದಲ್ಲಿ ಮಾತ್ರ ಎರಡು ಗೆರೆ. ಆಮೇಲೆ ನನ್ನ ಪಕ್ಕ ಶಾಲಿನ ಮೇಲೆ ಕುಸಿದು ಕೂತಳು. ಗೈಡು ತನಗೆ ಇದು ಸಂಬಂಧಿಸಿದ್ದಲ್ಲ ಎಂಬ ಹಾಗೆ ದೂರ ನೋಡುತ್ತಾ ನಿಂತ.

ಸದ್ದು ಕಡಿಮೆಯಾಗುತ್ತಾ ಬಂದಿತ್ತು. ಇನ್ನೊಮ್ಮೆ ಓಡಿದರೆ ಹಾಡುತ್ತದಾ ಎಂದು ಅವಳು ಗೈಡನ್ನು ಕೇಳಿದಳು. ಇಲ್ಲ, ಮರಳು ಮತ್ತೆ ಗಾಳಿಗೆ ಸಾಲಾಗಿ ಕೂರಬೇಕು, ಇವತ್ತು ಆಗುವುದಿಲ್ಲ ಎಂದ ಅವನು. ಆಮೇಲೆ ಬಗ್ಗಿ, ಅಂಗೈ ಮರಳಿಗೆ ಒತ್ತಿ, ನಮಗೂ ಹಾಗೆ ಮಾಡಿ ಎಂದು ಸನ್ನೆ ಮಾಡಿದ. ಮೂವರೂ ಕೈ ಇಟ್ಟೆವು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಕೈಯ ಕೆಳಗೆ ದಿಬ್ಬ ಇನ್ನೂ ನಡುಗುತ್ತಿತ್ತು.