ಮೈಕ್‌ಸೆಟ್ ಅಂಜಿನಯ್ಯನ ದನಿಯಾಟ

ಕುರುಬರಹಳ್ಳಿಯಲ್ಲಿ ಯಾರೇ ಸತ್ತರೂ, ಯಾರ ಮದುವೆ ಗೊತ್ತಾದರೂ, ಕೊನೆಗೆ ಯಾರ ಮನೆ ಎಮ್ಮೆ ಹಗ್ಗ ಕಿತ್ತುಕೊಂಡು ಹೋದರೂ ಜನಕ್ಕೆ ಸುದ್ದಿ ಮುಟ್ಟುತ್ತಿದ್ದದ್ದು ಅಂಜಿನಯ್ಯನ ಬಾಯಿಂದ. ಮೈಕ್‌ಸೆಟ್ ಅಂಜಿನಯ್ಯ ಅಂದರೆ ಅತ್ತ ಬಸವೇಶ್ವರನಗರ, ಇತ್ತ ಲಗ್ಗೆರೆಯ ತನಕ ಹೆಸರು. ಮದುವೆ, ಎಲೆಕ್ಷನ್, ಅಣ್ಣಮ್ಮ ದೇವಿ ಕೂರಿಸುವುದು, ಗಣೇಶ ಬಿಡುವುದು, ಎಲ್ಲಕ್ಕೂ ಅವನದೇ ಹಾರನ್ನು, ಅವನದೇ ದನಿ. ಎಂಥ ದನಿ ಅಂತೀರಿ! "ಮಹನೀಯರೇ, ಮಹಿಳೆಯರೇ" ಎಂದು ಶುರುಮಾಡಿದನೆಂದರೆ ಅಂಗಡಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸುತ್ತಿದ್ದ. ತನ್ನದು ಅಂಥ ದನಿ ಎಂದು ಅಂಜಿನಯ್ಯನಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ.

ಆ ಗಂಟಲನ್ನು ಕಾಪಾಡಿಕೊಳ್ಳಲು ಅವನು ಮಾಡುತ್ತಿದ್ದ ಪಥ್ಯ ಒಂದೆರಡಲ್ಲ. ಮಜ್ಜಿಗೆ ಮುಟ್ಟುತ್ತಿರಲಿಲ್ಲ, ಹುಣಸೆಹಣ್ಣು ಕಂಡರೆ ದೂರ ಓಡುತ್ತಿದ್ದ. ಎಲ್ಲಕ್ಕಿಂತ ದೊಡ್ಡ ಪಥ್ಯವೆಂದರೆ ಮನೆಯಲ್ಲಿ ಬಾಯಿ ಬಿಡದೇ ಇರುವುದು. ಊರಿಗೆಲ್ಲ ಬೇಕಾದ ದನಿಯನ್ನು "ಸಾರಿಗೆ ಉಪ್ಪು ಕಮ್ಮಿ" ಅನ್ನುವುದಕ್ಕೆ ಖರ್ಚು ಮಾಡಲು ಅವನಿಗೇನು ಹುಚ್ಚೇ? ಹೆಬ್ಬೆರಳನ್ನು ಬಾಯಿಯತ್ತ ತಿರುಗಿಸಿದರೆ ನೀರು, ಅಂಗೈ ಚಾಚಿದರೆ ಊಟ, ಹೆಗಲು ತಟ್ಟಿಕೊಂಡರೆ ಟವಲು. ಹೆಂಡತಿ ಮುನಿತಾಯಮ್ಮ ಸನ್ನೆ ಪೂರ್ತಿಯಾಗುವ ಮೊದಲೇ ತಂದಿಡುತ್ತಿದ್ದಳು. "ನಮ್ಮನೇಲಿ ಮಾತಿಲ್ಲ ಕತೆಯಿಲ್ಲ, ಎಲ್ಲಾ ಟೆಲಿಗ್ರಾಂ" ಎಂದು ಹೇಳಿಕೊಂಡು ಅವನು ನಗುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನದು ಅಡಿಗೆಮನೆ, ಮಧ್ಯೆ ಬಾಗಿಲಿಲ್ಲ, ಬರೀ ಒಂದು ಪರದೆ. ಸಾಮಾನು ಬಾಡಿಗೆಗೆ ಹೋಗುವ ಮೊದಲು ಆಂಪ್ಲಿಫೈಯರು, ಹಾರನ್ನು ಎಲ್ಲವನ್ನೂ ಹಾಕಿ ನೋಡಲೇಬೇಕು. ಮೊದಮೊದಲು ಹಾರನ್ನನ್ನು ಬೀದಿಯ ಕಡೆ ತಿರುಗಿಸಿ ಟೆಸ್ಟ್ ಮಾಡುತ್ತಿದ್ದ. ಎದುರುಮನೆಯ ರಾಮಕ್ಕ ಒಂದು ಬೆಳಿಗ್ಗೆ ಮಗು ಎತ್ತಿಕೊಂಡು ಬಂದು, "ಅಣ್ಣಾ, ಕೂಸು ಬೆಚ್ಚಿ ಬೀಳ್ತದೆ, ನಿಮ್ಗೆ ಕೈ ಮುಗೀತೀನಿ" ಅಂದಳು. ಅಂಜಿನಯ್ಯ ಮರ್ಯಾದಸ್ಥ. ನೆರೆಹೊರೆಗೆ ತೊಂದರೆ ಕೊಡುವ ಜನ ಅಲ್ಲ. ಅವತ್ತೇ ಹಾರನ್ನಿನ ಬಾಯಿಯನ್ನು ಮನೆಯ ಒಳಗಡೆಗೆ ತಿರುಗಿಸಿಬಿಟ್ಟ. ಅವನು ನಿಲ್ಲುತ್ತಿದ್ದದ್ದು ಹಾರನ್ನಿನ ಹಿಂದೆ. ಮುಂದೆ ಇದ್ದದ್ದು ಪರದೆ, ಪರದೆಯ ಆಚೆ ಒಲೆ. ಬೀದಿಯವರೆಲ್ಲ ಅವನನ್ನು ಹೊಗಳಿದರು. ಹೀಗೆಯೇ ವರ್ಷಗಟ್ಟಲೆ ನಡೆಯಿತು.

ಎಂಬತ್ತೇಳನೇ ಇಸವಿಯ ಗಣೇಶನ ಹಬ್ಬ ಬರುವ ಹೊತ್ತಿಗೆ ಅವನ ಕಾಲಬುಡಕ್ಕೇ ನೀರು ಬಂತು. ವಿಜಯನಗರದಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಮರಿಯಪ್ಪ ಎಂಬುವನು ಗಣೇಶ ಕೂರಿಸುವ ಕಮಿಟಿಯವರ ಕಿವಿ ಊದಿದ್ದ. ಕಲರ್ ಟೀವಿ, ವಿಡಿಯೋ ಕ್ಯಾಸೆಟ್ಟು, ಸಂಜೆಗೆರಡು ಸಿನಿಮಾ. ಹಾರನ್ನೂ ಬೇಡ, ಅನೌನ್ಸ್‌ಮೆಂಟೂ ಬೇಡ. ಕಮಿಟಿಯ ಅಧ್ಯಕ್ಷ ಚನ್ನಕೇಶವ, ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗ, ತಲೆ ಕೆರೆದುಕೊಳ್ಳುತ್ತಾ ಅಂದ: "ಅಂಜಿನಯ್ಯನೋರೇ, ಬೇಜಾರ್ ಮಾಡ್ಕೋಬೇಡಿ. ಜನ ಈಗ ಟೀವಿ ಕೇಳ್ತಾರೆ."

ಅಂಜಿನಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಗಣೇಶನ ಸ್ಟೇಜು ಕೈಬಿಟ್ಟರೆ ಅಣ್ಣಮ್ಮನೂ ಬಿಡುತ್ತದೆ, ಮದುವೆಗಳೂ ಬಿಡುತ್ತವೆ. ಆಮೇಲೆ ಅವನು ಯಾರು? ಬರೀ ಅಂಜಿನಯ್ಯ! ಎದ್ದು ನಿಂತು ಹೇಳಿಯೇಬಿಟ್ಟ: "ಟೀವಿ ತಾನೆ ಬೇಕು ನಿಮಗೆ? ಟೀವಿ ಆಟಾನೇ ಸ್ಟೇಜಿಗೆ ತರ್ತೀನಿ. 'ಯಾರ ದನಿ' ಜ್ಞಾಪಕ ಇದೆಯೇನಪ್ಪಾ?"

ಇಲ್ಲದೆ ಏನು! ಊರಿಗೆ ಟೀವಿ ಹೊಸದಾಗಿ ಬಂದಿದ್ದ ಕಾಲದಲ್ಲಿ ಸಂಜೆ ಹೊತ್ತು ಬರುತ್ತಿದ್ದ ಆಟ ಅದು. ಹೆಂಡತಿಯ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸುವುದು. ಪರದೆಯ ಹಿಂದೆ ಮೂರು ಗಂಡಸರು ಒಬ್ಬೊಬ್ಬರಾಗಿ ಒಂದೇ ಮಾತನ್ನು ಹೇಳುವುದು. ತನ್ನ ಗಂಡನ ದನಿ ಕೇಳಿದ ಕೂಡಲೇ ಅವಳು ಕೈ ಎತ್ತಬೇಕು. ಆಗ ಇಡೀ ಕುರುಬರಹಳ್ಳಿಗೆ ಟೀವಿ ಇದ್ದದ್ದು ಜಮೀನ್ದಾರ ಬೈರಪ್ಪನವರ ಮನೆಯಲ್ಲಿ ಮಾತ್ರ. ಅರ್ಧ ಊರು ಅವರ ಕಿಟಕಿಯ ಸರಳು ಹಿಡಿದು ನಿಂತು ನೋಡಿತ್ತು. ಆಮೇಲೆ ಆ ಹೊತ್ತಿಗೆ ಹಿಂದಿ ಸೀರಿಯಲ್ಲು ಬಂದು ಆಟ ನಿಂತುಹೋಯಿತು. ಲೇಔಟುಗಳಿಗೆ ಹೊಸದಾಗಿ ಬಂದವರಂತೂ ಅದನ್ನು ನೋಡಿಯೇ ಇರಲಿಲ್ಲ. ಚನ್ನಕೇಶವನ ಕಣ್ಣು ಅರಳಿತು.

"ಒಂದು ಸಂಜೆ ಕೊಡ್ತೀವಿ ಅಣ್ಣಾ. ಜನ ಕೊನೇ ತನಕ ಕೂತ್ರೆ ಮುಂದಿನ ವರ್ಷಾನೂ ನೀವೇ. ಮಧ್ಯದಲ್ಲಿ ಎದ್ದು ಹೋದ್ರೆ ಮರಿಯಪ್ಪನೋರಿಗೆ. ಆಮೇಲೆ ನಮ್ಮನ್ನ ಬೈಕೋಬಾರದು" ಅಂದ.

ಆ ಸಂಜೆ ಪೆಂಡಾಲು ತುಂಬಿ, ಜನ ಕಾಂಪೌಂಡಿನ ಮೇಲೆ, ಸೈಕಲ್ಲಿನ ಕ್ಯಾರಿಯರಿನ ಮೇಲೆ, ಸಂಪಿನ ಮುಚ್ಚಳದ ಮೇಲೆ ಎಲ್ಲೆಂದರಲ್ಲಿ ಕೂತಿದ್ದರು. ಮರಿಯಪ್ಪನೂ ಒಂದು ಮೂಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದ. ಸ್ಟೇಜಿನ ಹಿಂಭಾಗಕ್ಕೆ ಬೆಡ್‌ಶೀಟು ಕಟ್ಟಿ ಪರದೆ ಮಾಡಿತ್ತು. ಹೇಳಬೇಕಾದ ಮಾತನ್ನು ಅಂಜಿನಯ್ಯನೇ ಗೊತ್ತುಮಾಡಿದ್ದ: "ನಾನು ಬಂದೀನಿ, ಬಾಗಿಲು ತೆಗಿಯೇ." ಗೆದ್ದವರಿಗೆ ಸ್ಟೀಲ್ ಬಿಂದಿಗೆ.

ಮೊದಲು ಬಂದವಳು ರೇಷನ್ ಅಂಗಡಿ ಕೃಷ್ಣಯ್ಯನ ಹೆಂಡತಿ ಇಂದ್ರಮ್ಮ. ಗಂಡ "ನಾನು" ಅನ್ನುತ್ತಿದ್ದ ಹಾಗೇ ಕೈ ಎತ್ತಿ, "ಈ ಗೊರಗೊರ ನಮ್ಮನೇದೇ" ಅಂದುಬಿಟ್ಟಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯವಳು ಹೊಸ ಮದುಮಗಳು, ಪರಗಂಡಸಿನ ದನಿಗೆ ಕೈ ಎತ್ತಿ, ಕಣ್ಣಿನ ಬಟ್ಟೆ ಬಿಚ್ಚಿದ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ಆಗಂತೂ ಪೆಂಡಾಲೇ ಹಾರಿಹೋಗುವ ಹಾಗೆ ಸಿಳ್ಳೆ. ಅಂಜಿನಯ್ಯ ಮರಿಯಪ್ಪನ ಕಡೆ ನೋಡಿ ಮೀಸೆ ತೀಡಿದ.

ಆಮೇಲೆ ಆಟಕ್ಕೆ ಯಾರೂ ಮುಂದೆ ಬರಲಿಲ್ಲ ನೋಡಿ! ಹೆಸರು ಕೊಟ್ಟಿದ್ದ ಮೂರನೆಯ ಜೋಡಿ ಮದುಮಗಳ ಪಾಡು ನೋಡಿ ಹಿಂದಿನಿಂದಲೇ ಜಾರಿಕೊಂಡಿತ್ತು. ಎಷ್ಟು ಕರೆದರೂ ಹೆಂಗಸರು ಒಬ್ಬರನ್ನೊಬ್ಬರು ದೂಡುತ್ತ ನಕ್ಕರೇ ಹೊರತು ಒಬ್ಬಳೂ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಎದ್ದು ಪಂಚೆ ಕೊಡವಿಕೊಂಡರು. ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು: "ನಿಮ್ಮನೆಯೋರನ್ನೇ ಕರೀರಿ ಅಂಜಿನಯ್ಯನೋರೇ!"

ಹೌದಲ್ಲ! ಇಡೀ ಊರು ಗುರುತು ಹಿಡಿಯುವ ದನಿ, ಹೆಂಡತಿ ಹಿಡಿಯಲಾರಳೇ? ಅವನು ಹೆಂಗಸರ ಸಾಲಿನಲ್ಲಿ ಕೂತಿದ್ದ ಮುನಿತಾಯಮ್ಮನಿಗೆ ಬಾ ಎಂದು ಕೈ ಮಾಡಿದ. ಅವಳು ತಲೆಯಾಡಿಸಿದಳು. ಇನ್ನೊಂದು ಸಲ ಕೈ ಮಾಡಿದ. ಪಕ್ಕದಲ್ಲಿದ್ದ ರಾಮಕ್ಕ ಎದ್ದು ಬಂದು, "ಅಣ್ಣಾ, ಅವಳ್ನ ಬಿಟ್ಬಿಡಿ, ಈ ಆಟ ಅವಳಿಗೆ ಬ್ಯಾಡ" ಅಂದಳು.

"ನಾಚ್ಕೆ ಗೀಚ್ಕೆ ಎಲ್ಲಾ ಆಮೇಲೆ ರಾಮಕ್ಕ! ಜನ ಏಳ್ತಾ ಅವ್ರೆ, ಕಾಣಲ್ವಾ?" ಎಂದು ರೇಗಿ, ಅವನು ಹೆಂಡತಿಯ ಕಡೆ ತಿರುಗಿ ಎಲ್ಲರೆದುರು ಕೈ ಮುಗಿದ. ಜನ ಹೋ ಎಂದಿತು. ಮುನಿತಾಯಮ್ಮ ಅವನ ಮುಖವನ್ನೇ ನೋಡಿದಳು, ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಬಂದಳು. ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆಯನ್ನು ಅವನೇ ಕಟ್ಟಿದ. ಮೈಕನ್ನು ಚನ್ನಕೇಶವನ ಕೈಗೆ ಕೊಟ್ಟು ಪರದೆಯ ಹಿಂದೆ ಹೋದ. ಪರದೆಯ ಹಿಂದೆ ಬೇರೆ ಮೈಕಿತ್ತು.

ಮೊದಲು ಇಬ್ಬರು ಹೇಳಿದರು. ಅವಳು ಕೈ ಎತ್ತಲಿಲ್ಲ. ಭೇಷ್, ಅಂದುಕೊಂಡ ಅಂಜಿನಯ್ಯ. ಗಂಟಲು ಸರಿಮಾಡಿಕೊಂಡು, ಇದ್ದಬದ್ದ ಗತ್ತನ್ನೆಲ್ಲ ತುಂಬಿ ಅಂದ: "ನಾನು ಬಂದೀನಿ, ಬಾಗಿಲು ತೆಗಿಯೇ!"

ನಾಲ್ಕು ಹಾರನ್ನಿನಲ್ಲಿ ಮೊಳಗಿತು. ಮುನಿತಾಯಮ್ಮನ ಕೈ ತೊಡೆಯ ಮೇಲೇ ಇತ್ತು.

ಜನ ಕಿಸಕ್ಕೆಂದರು. ಚನ್ನಕೇಶವ, "ಇನ್ನೊಂದ್ಸಲ ಅಣ್ಣಾ" ಅಂದ. ಅಂಜಿನಯ್ಯ ಇನ್ನೊಂದು ಸಲ ಅಂದ. ಇಲ್ಲ. ನಗು ಜೋರಾಯಿತು. "ಬಾಗಿಲು ತೆಗಿಯಲ್ವಂತೆ, ಹೊರಗೇ ಮಲಗಿ!" ಎಂದು ಯಾರೋ ಕೂಗಿದರು. ಅಂಜಿನಯ್ಯನಿಗೆ ರೋಷ ಬಂತು. ಎಲ್ಲರೆದುರು ಮಾನ ಕಳೆಯಬೇಕೆಂದೇ ಸುಮ್ಮನೆ ಕೂತಿದ್ದಾಳೋ ಏನು ಕತೆ! "ಮಹನೀಯರೇ, ಮಹಿಳೆಯರೇ" ಎಂದು ಅವನ ಹೆಸರಾಂತ ವರಸೆಯನ್ನೇ ತೆಗೆದ. ಕಂಕುಳಿನ ಕೂಸು ಕೂಡ ತಿರುಗಿ ನೋಡಿತು. ಅವಳು ನೆಟ್ಟಗೆ, ಕಲ್ಲು ಕೂತ ಹಾಗೆ ಕೂತಿದ್ದಳು. ಈಗ ಅವನು ಮೈಕನ್ನು ಪಕ್ಕಕ್ಕಿಟ್ಟು ಬರಿಗಂಟಲಲ್ಲಿ, "ಮುನೀ" ಅಂದ. ಅದಕ್ಕೂ ಅವಳ ಕೈ ಏಳಲಿಲ್ಲ. ಜನವೂ ಏನಾಗುತ್ತದೋ ನೋಡೋಣವೆಂದು ಗಪ್‌ಚಿಪ್ಪಾಯಿತು. ಗಾಳಿ ಬಂದು ಬೆಡ್‌ಶೀಟು ಉಬ್ಬಿ ಅವಳ ಭುಜಕ್ಕೆ ತಗುಲಿತು.

ಮುನಿತಾಯಮ್ಮ ತಟ್ಟನೆ ಕೈ ಎತ್ತಿದಳು.

ಪಿಟ್ಟೆನ್ನುವ ಒಂದು ಸದ್ದೂ ಇಲ್ಲದ ಹೊತ್ತಿನಲ್ಲಿ ಕೈ ಎತ್ತಿ, ಗೆದ್ದವಳ ಹಾಗೆ ನಗುತ್ತಿದ್ದಳು. ಪೆಂಡಾಲು ಬಿದ್ದುಬಿದ್ದು ನಕ್ಕಿತು. ಪರದೆಯ ಸಂದಿಯಲ್ಲಿ ನಿಂತಿದ್ದ ಅಂಜಿನಯ್ಯ ಮಾತ್ರ ನಗಲಿಲ್ಲ; ಬೆಡ್‌ಶೀಟು ಅವಳ ಭುಜ ಮುಟ್ಟಿದ್ದನ್ನು ಅವನು ಕಂಡಿದ್ದ. ಪರದೆ ಸರಿಸಿಕೊಂಡು ಬಂದ. ಅವಳ ಬೆನ್ನ ಹಿಂದೆ ನಿಂತು, ಕಿವಿಯ ಪಕ್ಕದಲ್ಲೇ ಬಾಯಿ ಇಟ್ಟು, "ಮುನೀ, ಏ ಮುನೀ" ಅಂದ. ಅವಳು ಕತ್ತು ಕೂಡ ತಿರುಗಿಸಲಿಲ್ಲ. ಅವನು ಅವಳ ಕಣ್ಣಿನ ಬಟ್ಟೆಗೆ ಕೈ ಹಾಕಿದ. ತಾನೇ ಹಾಕಿದ್ದ ಗಂಟು ತನಗೇ ಬಿಚ್ಚಲು ಬರಲಿಲ್ಲ. ಹೇಗೋ ಬಿಚ್ಚಿದ. ಅವಳು ಅವನ ಮುಖ ನೋಡಿ, "ಗೆದ್ವಾ?" ಅಂದಳು.

ರಟ್ಟೆ ಹಿಡಿದು ಸ್ಟೇಜಿನ ಹಿಂದಕ್ಕೆ ಕರೆದುಕೊಂಡು ಹೋದ. ಗಣಪತಿಯ ಹಿಂಬದಿಯ ತೆಂಗಿನ ಗರಿಗಳ ಹತ್ತಿರ ನಿಲ್ಲಿಸಿ, "ನಿಂಗೆ ಕಿವಿ ಕೇಳಲ್ವೇನೇ?" ಅಂದ.

ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ ಅಂದುಕೊಂಡಿದ್ದನಲ್ಲ, ಅವಳು ನೋಡುತ್ತಿದ್ದದ್ದು ತುಟಿಯನ್ನು. "ಇದೇನು ಹೊಸದಾಗಿ ಕೇಳ್ತೀರಿ? ನಿಮಗೆ ಗೊತ್ತಲ್ಲ" ಅಂದಳು ಮುನಿತಾಯಮ್ಮ.

"ನಂಗೆಲ್ಲೇ ಗೊತ್ತು! ಯಾವತ್ತು ಹೇಳ್ದೆ?"

"ಮಗಳನ್ನ ಲಗ್ಗೆರೆಗೆ ಕೊಟ್ವಲ್ಲ, ಆ ವರ್ಷಾನೇ ಹೇಳಿದ್ನಲ್ಲ. ನೀವು ಅಂಗಡೀಲಿ ನಿಂತಿದ್ರಿ. ಕಿವಿ ಒಳಗೆ ಜುಂಯ್ ಅಂತದೆ, ಏನೂ ಕೇಳಾಕಿಲ್ಲ ಅಂದೆ. ನೀವು ಹೂಂ ಅಂತ ತಲೆ ಆಡಿಸಿದ್ರಿ."

ತಲೆ ಆಡಿಸಿದ್ದಿರಬಹುದು. ಅಡಿಗೆಮನೆಯ ಕಡೆ ತಿರುಗಿಸಿದ್ದ ಆ ಹಾರನ್ನು ಹಾಕಿಕೊಂಡು ನಿಂತಾಗ ಅವಳು ಬಂದು ಏನೇ ಅಂದರೂ ಅವನು ತಲೆ ಆಡಿಸುತ್ತಿದ್ದ, ಯಾವ ಮಾತೂ ಅವನಿಗೆ ಮುಟ್ಟುತ್ತಿರಲಿಲ್ಲ. ಅಯ್ಯೋ ದೇವರೇ, ಅಂದುಕೊಂಡ. ಅಷ್ಟರಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆಯೇ ಬಂದಿದ್ದ ರಾಮಕ್ಕ ಬಾಯಿಗೆ ಕೈ ಇಟ್ಟುಕೊಂಡಳು.

"ಅಯ್ಯೋ ಅಣ್ಣಾ, ನಿಮಗೆ ಗೊತ್ತೇ ಇರ್ಲಿಲ್ವಾ? ಬೀದಿಗೆಲ್ಲಾ ಗೊತ್ತಲ್ಲ! ನಾವೆಲ್ಲಾ ಅವಳ ಎದುರಿಗೆ ನಿಂತೇ ಮಾತಾಡೋದು."

ಅಂಜಿನಯ್ಯ ಹೆಂಡತಿಯ ಕಡೆ ತಿರುಗಿದ. ಮುನಿತಾಯಮ್ಮನ ಮುಖದಲ್ಲಿ ಈಗ ಗಾಬರಿ ಕಾಣಿಸಿತು. ಅವಳೂ ಏನನ್ನೋ ಹೊಸದಾಗಿ ಅರ್ಥಮಾಡಿಕೊಳ್ಳುತ್ತಿದ್ದಳು.

"ಮತ್ತೆ ಮನೇಲಿ ಯಾವಾಗ್ಲೂ ಸನ್ನೆ ಮಾಡ್ತಿದ್ರಲ್ಲ?" ಅಂದಳು ಮೆಲ್ಲಗೆ. "ನಂಗೋಸ್ಕರ ಅಂದ್ಕೊಂಡಿದ್ದೆ. ಊರಿಗೆಲ್ಲಾ ಮಾತಾಡೋ ಮನುಷ್ಯ, ನಂಗೆ ನೋವಾಗಬಾರದು ಅಂತ ಬಾಯಿ ಮುಚ್ಕೊಂಡಿರ್ತಾರೆ ಅಂತ, ನಮ್ಮಕ್ಕನ ಹತ್ರಾನೂ ಹೇಳ್ಕೊಂಡಿದ್ದೆ. ಇವತ್ತು ಕಣ್ಣಿಗೆ ಬಟ್ಟೆ ಕಟ್ಟಿದಾಗ್ಲೂ ಅಷ್ಟೇ, ಏನೋ ಉಪಾಯ ಮಾಡಿರ್ತಾರೆ, ಬಂದು ಭುಜ ಮುಟ್ತಾರೆ ಅಂತ ಕಾಯ್ತಾ ಇದ್ದೆ."

ನಿನಗೋಸ್ಕರವೇ ಎಂದು ಸುಳ್ಳಾದರೂ ಹೇಳೋಣವೆಂದರೆ ಅವಳು ಅಂಜಿನಯ್ಯನ ತುಟಿಯನ್ನೇ ನೋಡುತ್ತಿದ್ದಳು.

ಪರದೆ ಎತ್ತಿಕೊಂಡು ಚನ್ನಕೇಶವ ನುಗ್ಗಿ ಬಂದ. ಬೆವರಿನಲ್ಲಿ ಅದ್ದಿಹೋಗಿದ್ದ, ಮುಖದ ತುಂಬ ನಗು. "ಅಣ್ಣಾ, ಏನ್ ಆಕ್ಟಿಂಗು ಅಣ್ಣಾ ನಿಮ್ಮನೆಯೋರದು! ಒಬ್ಬನೂ ಎದ್ದಿಲ್ಲ, ನಿಂತ ಜಾಗದಿಂದ ಒಬ್ಬ ಅಲ್ಲಾಡಿಲ್ಲ! ಮರಿಯಪ್ಪ ಸ್ಕೂಟರ್ ಹತ್ಕೊಂಡು ಹೋದ. ಮುಂದಿನ ವರ್ಷ ಈ ಆಟಾನೇ, ನೀವೇ. ಕಮಿಟಿಯೋರೆಲ್ಲ ಒಪ್ಪಾಯ್ತು. ಆದ್ರೆ ಒಂದು ಮಾತು ಅಣ್ಣಾ, ಮೇನ್ ರೋಡಿನ ತನಕ ಜನ ನಿಂತವ್ರೆ, ಅಲ್ಲಿಗೆ ಸರಿಯಾಗಿ ಕೇಳ್ತಿಲ್ಲ. ಇನ್ನೆರಡು ದೊಡ್ಡ ಹಾರನ್ ತರಿಸಿಬಿಡಿ. ಏನಂತೀರಿ?"

ಹೊರಗೆ ಜನ "ಅಂಜಿನಯ್ಯಾ, ಅಂಜಿನಯ್ಯಾ" ಎಂದು ಚಪ್ಪಾಳೆ ಹೊಡೆಯುತ್ತಿದ್ದರು. ಯಾವುದಕ್ಕಾಗಿ ತಿಂಗಳಿಂದ ನಿದ್ದೆಗೆಟ್ಟಿದ್ದನೋ ಅದು ಕೈಗೆ ಬಂದಿತ್ತು; ಅವನು ಹೆಂಡತಿಯ ಕಡೆ ನೋಡಿದ.

ಮುನಿತಾಯಮ್ಮ ಚನ್ನಕೇಶವನ ಬಾಯಿಯನ್ನು ನೋಡಿ ಎಲ್ಲವನ್ನೂ ತಿಳಿದುಕೊಂಡಿದ್ದಳು. ಗಂಡ ಯಾಕೆ ಹಿಂದೇಟು ಹಾಕುತ್ತಿದ್ದಾನೆಂದೂ ಗೊತ್ತಾಯಿತೇನೋ. ಅವನ ತೋಳು ಮುಟ್ಟಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದು ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ತರಿಸ್ಕೊಳ್ಳಿ" ಅಂದಳು. "ಎಷ್ಟು ದೊಡ್ಡದಾದ್ರೂ ನಂಗೇನೂ ತೊಂದ್ರೆ ಇಲ್ಲ ಈಗ."

ಅಂಜಿನಯ್ಯ ಅವಳಿಗೆ ಏನೋ ಹೇಳಬೇಕೆಂದು ಬಾಯಿ ತೆರೆದ. ಎಷ್ಟು ಜೋರಾಗಿ ಹೇಳಬೇಕೆಂದು ಗೊತ್ತಾಗದೆ ಹಾಗೇ ನಿಂತುಬಿಟ್ಟ.