ಕಂಪ್ಯೂಟರ್ ಪಂಪಕ್ಕ

ಪಂಪಕ್ಕ ಯಾರನ್ನೂ ಸಮಾಧಾನ ಮಾಡುತ್ತಿರಲಿಲ್ಲ. ಎದುರಿಗೆ ಕೂತವರು ಅಳುತ್ತಿದ್ದರೆ ಅಳು ನಿಲ್ಲುವ ತನಕ ತಾನು ಸುಮ್ಮನೆ ಕೂರುತ್ತಿದ್ದಳು. ‘ಎಲ್ಲಾ ಸರಿ ಹೋಗ್ತೈತಿ ಬಿಡವ್ವ’ ಎಂದು ಊರೆಲ್ಲ ಬಾಯಿತುಂಬ ಹೇಳುವ ಮಾತು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಲೇ ಇಲ್ಲ. ಅದಕ್ಕೇ ಕೆಲವರು ಅವಳನ್ನು ಕಲ್ಲುಮನಸ್ಸಿನವಳು ಎನ್ನುತ್ತಿದ್ದರು. ಮೊದಮೊದಲು ನನ್ನ ಅವ್ವನೂ ಹಾಗೇ ಅಂದುಕೊಂಡಿದ್ದಳು.

ಎತ್ತರದ ಆಳು. ಇಸ್ತ್ರಿ ಕಾಣದ ಸಾದಾ ಸೀರೆ, ಬಿಗಿಯಾಗಿ ಹೆಣೆದ ಒಂದೇ ಜಡೆ, ಹೆಗಲಿಗೆ ರೆಕ್ಸಿನ್ ಚೀಲ. ಚೀಲದೊಳಗೆ ಸ್ಕ್ರೂಡ್ರೈವರ್, ಸಿ.ಡಿ.ಗಳ ಕಟ್ಟು, ಮತ್ತೆ ಕಿಟಕಿ ಬಾಗಿಲಿಗೆ ಬಣ್ಣ ಬಳಿಯುವಂಥ ಒಂದು ಬ್ರಶ್ಶು. ಕಂಪ್ಯೂಟರಿನ ಒಳಗಿನ ಧೂಳು ತೆಗೆಯಲು ಅದು ಬೇಕಾಗುತ್ತಿತ್ತು. ಆ ವರ್ಷಗಳಲ್ಲಿ ಹೊಸಪೇಟೆಯ ಯಾರ ಮನೆಯ ಕಂಪ್ಯೂಟರ್ ಬಿಚ್ಚಿದರೂ ಒಳಗೆ ಕುಂಕುಮ ಚೆಲ್ಲಿದ ಹಾಗಿರುತ್ತಿತ್ತು. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಎಡೆಬಿಡದೆ ಇಳಿಯುತ್ತಿದ್ದವು. ಪಾಪಿನಾಯಕನಹಳ್ಳಿಯ ದಾರಿಯಲ್ಲಿ ಬೇವಿನ ಮರಗಳು ಸಹ ಕೆಂಪಗೆ ನಿಂತಿರುತ್ತಿದ್ದವು.

ಕಾಲೇಜು ರಸ್ತೆಯ ಸೈಕಲ್ ಅಂಗಡಿಯ ಮಾಳಿಗೆಯ ಮೇಲೆ ಅವಳದೊಂದು ಕಂಪ್ಯೂಟರ್ ಸೆಂಟರ್ ಇತ್ತು. ಗಣಿ ಕಂಪನಿಗಳ ಆಫೀಸು, ಲಾರಿ ತೂಕದ ಕಾಟಾ, ಎಲ್ಲ ಕಡೆ ಕಂಪ್ಯೂಟರ್ ಬಲ್ಲ ಹುಡುಗರು ಬೇಕಾಗಿದ್ದ ಕಾಲ. ಬೇರೆ ಸೆಂಟರಿನವರು ‘ನೌಕರಿ ಗ್ಯಾರಂಟಿ’ ಎಂದು ಗೋಡೆಗೋಡೆಗೆ ಬರೆಸುತ್ತಿದ್ದರು. ಪಂಪಕ್ಕ ಬರೆಸಲಿಲ್ಲ. ಒಮ್ಮೆ ಕಮಲಾಪುರದ ಬಾಳೆ ವ್ಯಾಪಾರಿಯೊಬ್ಬ ಮಗಳನ್ನು ಕರೆತಂದು, “ಕೋರ್ಸ್ ಮುಗಿದ ಮ್ಯಾಲೆ ನೌಕರಿ ಸಿಗ್ತೈತೇನ್ರಿ ಮೇಡಂ?” ಎಂದು ಕೇಳಿದನಂತೆ. “ಗೊತ್ತಿಲ್ರಿ. ಕಲಿಸೋದು ನನ್ನ ಕೆಲಸ. ನೌಕರಿ ನನ್ನ ಕೈಯಾಗಿಲ್ಲ,” ಎಂದಳಂತೆ ಇವಳು. ಆತ ಮಗಳ ಸಮೇತ ಎದುರಿನ ಸೆಂಟರಿಗೆ ನಡೆದ. ಈ ಕತೆಯನ್ನು ನಮಗೆ ಹೇಳಿ ಹೇಳಿ ನಗಿಸುತ್ತಿದ್ದವನು ಅವಳ ಗಂಡ ಹುಲುಗಪ್ಪ. “ನನ್ನ ಹೇಣ್ತಿ ಬಾಯಾಗ ಸುಳ್ಳು ಹಿಡಸಂಗಿಲ್ರೀ, ಅದಕ್ಕ ಬಾಡಿಗಿ ಕಟ್ಟಾಕ ನಾನು ದುಡೀಬೇಕು!” ಎನ್ನುತ್ತಿದ್ದ.

ಅವಳು ನಮ್ಮ ಮನೆಗೆ ಬಂದದ್ದು ನನ್ನ ಕಂಪ್ಯೂಟರಿನ ದೆಸೆಯಿಂದ. ನನಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಬಲಗಾಲು ಸಣ್ಣದಾಗಿತ್ತು. ಡಿಗ್ರಿ ಮುಗಿಸಿ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಮನೆಯಲ್ಲಿ ಕೂತಿದ್ದೆ. ಅಪ್ಪ ಕಾಲುವೆ ಆಫೀಸಿನಲ್ಲಿದ್ದರು. ಬಳ್ಳಾರಿಯ ಏಜೆನ್ಸಿಯೊಂದು ನನಗೆ ಮನೆಯಲ್ಲೇ ಮಾಡುವ ಕೆಲಸ ಕೊಟ್ಟಿತ್ತು. ಹೊರದೇಶದ ಡಾಕ್ಟರುಗಳು ರೋಗಿಗಳನ್ನು ನೋಡಿ ಮಾತಿನಲ್ಲಿ ಹೇಳಿಟ್ಟದ್ದನ್ನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ, ಟೈಪು ಮಾಡಿ ಕಳಿಸಬೇಕು. ಆ ಧ್ವನಿ ಫೈಲುಗಳು ಇಂಟರ್ನೆಟ್ಟಿನಲ್ಲಿ ಬರುತ್ತಿದ್ದವು. ಮನೆಯ ಹೊಸಿಲು ದಾಟದೆ ನಾನು ಹೊರಗಿನವರಿಗೆ ಬೇಕಾದವಳಾಗಿದ್ದೆ. ಅದರ ಸುಖ ಎಷ್ಟೆಂದು ಹೇಳಲು ಬರುವುದಿಲ್ಲ.

ಆಮೇಲೆ ಫೈಲುಗಳು ಕೆಡತೊಡಗಿದವು. ಪೂರ್ತಿ ಇಳಿಯುತ್ತಿದ್ದವು, ತೆರೆಯಲು ಹೋದರೆ ‘ಫೈಲ್ ಹಾಳಾಗಿದೆ’ ಎಂದು ಬರುತ್ತಿತ್ತು. ತೆರೆದುಕೊಂಡರೂ ಡಾಕ್ಟರ ಮಾತು ನಡುವೆ ಕಿರ್ರೆಂದು ಕಿರುಚಿ ನಿಂತುಬಿಡುತ್ತಿತ್ತು. ಅದೇ ಫೈಲನ್ನು ಮತ್ತೆ ಇಳಿಸಿದರೆ ಈ ಸಲ ಬೇರೆ ಜಾಗದಲ್ಲಿ ಕೆಟ್ಟಿರುತ್ತಿತ್ತು. ಅಪ್ಪ ಫೋನ್ ಲೈನಿನ ಮೇಲೆ ತಪ್ಪು ಹೊರಿಸಿದರು. ಲೈನ್‌ಮನ್ ಬಂದು ವೈರು ಬದಲಿಸಿದ. ಕಂಪ್ಯೂಟರ್ ಮಾರಿದ ಅಂಗಡಿಯವನು ವೈರಸ್ ಎಂದು ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಟ್ಟ. ಕೆಡುವುದು ನಿಲ್ಲಲಿಲ್ಲ. “ಎಲ್ಲಾರಿಗೂ ಚಲೋ ಬರ್ತಾವ, ನಿಮಗೊಬ್ಬರಿಗೇ ಯಾಕ ಕೆಡ್ತಾವ?” ಎಂದು ಏಜೆನ್ಸಿಯ ಸಾಹೇಬರು ಫೋನಿನಲ್ಲಿ ಸಿಡುಕಿದರು. ಹೀಗೇ ಆದರೆ ಕೆಲಸ ಬೇರೆಯವರಿಗೆ ಕೊಡುವುದಾಗಿಯೂ ಹೇಳಿದರು. ನನಗೋ, ನನ್ನ ಕೈಯಲ್ಲೇ ಏನೋ ಇದೆ, ಮುಟ್ಟಿದ್ದೆಲ್ಲ ಕೆಡುತ್ತದೆ ಎಂದು ಅನ್ನಿಸತೊಡಗಿತ್ತು.

ಅಪ್ಪನ ಆಫೀಸಿನ ಯಾರೋ ಹೇಳಿ ಕಳಿಸಿದರೆಂದು ಪಂಪಕ್ಕ ಬಂದಳು. ಅವ್ವ “ಬರ್ರಿ, ಕುಂದ್ರಿ, ಚಾ ಮಾಡ್ತೀನಿ” ಎಂದರೆ, “ಆಮ್ಯಾಲೆ ಮಾಡ್ರಿ” ಎಂದು ನೇರ ನನ್ನ ಪಕ್ಕ ಬಂದು ಕೂತಳು. ನಾನು ಎಲ್ಲವನ್ನೂ ಹೇಳಿದೆ. ಕಡೆಗೆ, “ನಾನ ಏನೋ ತಪ್ಪು ಮಾಡಾಕತ್ತೀನಿ ಅನಸ್ತೈತಿ ಅಕ್ಕ,” ಎಂದೆ.

“ಹಂಗ ಯಾರು ಅಂದ್ರು?”

“ಎಲ್ಲಾರೂ.”

“ಕಣ್ಣಾರೆ ನೋಡಿ ಅಂದ್ರೇನು?”

“ಇಲ್ಲ.”

“ನೋಡೂ ತನಕ ಅನಬಾರದು. ನಾನೂ ಅನಂಗಿಲ್ಲ. ನಿಂದಲ್ಲ ಅಂತನೂ ಅನಂಗಿಲ್ಲ, ತಿಳೀತೇನು?”

ಮೊದಲು ಅವಳು ಮಾಡಿದ್ದು ಫೋನಿನ ವೈರು ಕಿತ್ತದ್ದು. ತನ್ನ ಚೀಲದಿಂದ ಸಿ.ಡಿ. ತೆಗೆದು ಅದರಲ್ಲಿದ್ದ ದೊಡ್ಡ ಫೈಲೊಂದನ್ನು ನನ್ನ ಕಂಪ್ಯೂಟರಿಗೆ ನಕಲು ಮಾಡಿಸಿದಳು. ನಕಲು ಮತ್ತು ಮೂಲ ಎರಡನ್ನೂ ಹೋಲಿಸಿ ನೋಡಿದಳು. ಒಂದಕ್ಕೊಂದು ಹೊಂದಲಿಲ್ಲ.

“ಇಂಟರ್ನೆಟ್ ಇಲ್ಲದನೂ ಕೆಡಾಕತ್ತೈತಿ. ಲೈನಿಂದು ತಪ್ಪಲ್ಲ. ಕಳಿಸಿದವರದೂ ಅಲ್ಲ,” ಎಂದಳು. ಸಿ.ಡಿ. ಹೊರಗೆ ತೆಗೆಯುತ್ತ, “ಇದನ್ನ ಮಾಡಿದಾಕಿ ನಾನು. ನೀ ಮುಟ್ಟೇ ಇಲ್ಲ. ಅಂದ್ರ ನಿಂದೂ ಅಲ್ಲ,” ಎಂದಳು.

ನಾನು ಅತ್ತುಬಿಟ್ಟೆ. ಅವಳು ನನ್ನ ಕಡೆ ನೋಡದೆ ಸ್ಕ್ರೂ ಬಿಚ್ಚತೊಡಗಿದಳು.

ಮರುದಿನ ಮಧ್ಯಾಹ್ನ ತನ್ನ ಸೆಂಟರಿನ ಹಾರ್ಡ್ ಡಿಸ್ಕ್ ತಂದು ಹಾಕಿ ನೋಡಿದಳು. ಆಗಲೂ ಕೆಟ್ಟಿತು. ಉಳಿದದ್ದು ಒಳಗಿನ ಎರಡು ಮೆಮೊರಿ ಪಟ್ಟಿಗಳು. ಒಂದು ಮೊದಲಿನಿಂದ ಇದ್ದದ್ದು, ಇನ್ನೊಂದು ಕಂಪ್ಯೂಟರ್ ಜೋರಾಗಿ ಓಡಲೆಂದು ಅಂಗಡಿಯವನು ಆಮೇಲೆ ಸೇರಿಸಿದ್ದು. ಆ ಎರಡನೆಯದನ್ನು ಕಿತ್ತಳು. ಎಷ್ಟು ಸಲ ನಕಲು ಮಾಡಿದರೂ ಫೈಲು ಸರಿಯಾಗಿ ಬಂತು. ಅದನ್ನೇ ಒಂಟಿಯಾಗಿ ಹಾಕಿದಳು, ಕೆಟ್ಟಿತು. ಜಾಗ ಬದಲಿಸಿ ಹಾಕಿದಳು, ಆಗಲೂ ಕೆಟ್ಟಿತು. “ಬರೋ ಸಾಮಾನೆಲ್ಲಾ ಮೊದಲು ಇಲ್ಲಿ ಇಳೀತಾವ, ಆಮ್ಯಾಲೆ ಡಿಸ್ಕಿಗೆ ಹೊಕ್ಕಾವ. ಇಳಿಯೋ ಜಾಗಾನ ಸೋರಾಕತ್ತಿತ್ತು,” ಎಂದು ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಬಳ್ಳಾರಿಗೆ ಫೋನು ಹಚ್ಚಲು ಹೇಳಿದಳು. ಸಾಹೇಬರು ಎತ್ತಿದಾಗ ಫೋನು ತಾನೇ ಇಸಿದುಕೊಂಡು, “ತಪ್ಪು ಮಷೀನಿಂದಿತ್ರಿ, ಈ ಹುಡುಗೀದಲ್ಲ. ಆಕಿಗೆ ಮಾತಾಡಿದ್ದು ವಾಪಸ್ ತಗೋರಿ,” ಎಂದಳು. ಅವರು ತಗೊಂಡರೋ ಇಲ್ಲವೋ. ನನ್ನ ಕೆಲಸವಂತೂ ಉಳಿಯಿತು. ಆ ದಿನ ಅವ್ವ ಚಹಾದ ಜೊತೆ ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟಳು.

ಅಲ್ಲಿಂದ ಮುಂದೆ ಅವಳು ಸಂಜೆ ಸೆಂಟರ್ ಮುಚ್ಚಿದ ಮೇಲೆ ಆಗಾಗ ಬರುತ್ತಿದ್ದಳು. ಹೆಚ್ಚು ಮಾತಿಲ್ಲ. ನಾನು ಟೈಪು ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ತನ್ನ ಕೆಲಸ ಮಾಡಿಕೊಳ್ಳುವಳು. ಕತ್ತಲಾಗುವ ಹೊತ್ತಿಗೆ ಹುಲುಗಪ್ಪ ಬೈಕಿನಲ್ಲಿ ಬಂದು ಕರೆದುಕೊಂಡು ಹೋಗುತ್ತಿದ್ದ. ಅವನು ಸಂಡೂರಿನ ಆಚೆ ಕಲ್ಲು ಒಡೆಯುವ ಕ್ರಷರಿನಲ್ಲಿ ಆಪರೇಟರ್. ಹುಬ್ಬು ರೆಪ್ಪೆಗಳೆಲ್ಲ ಧೂಳು ಹಿಡಿದು ಬೆಳ್ಳಗೆ ಮುದುಕನ ಹಾಗೆ ಬರುವನು. ಅಂಗಳದಲ್ಲೇ ಮುಖ ತೊಳೆದರೆ ಒಳಗಿನಿಂದ ಹರೆಯದವನು ಹೊರಬರುವನು. ಹೆಂಡತಿ ಹೇಳದೆ ಬಿಟ್ಟ ಸಮಾಧಾನದ ಮಾತುಗಳನ್ನೆಲ್ಲ ಅವನೇ ಹೇಳುತ್ತಿದ್ದ. “ನೀ ಈ ಕಂಪ್ಯೂಟರಿನ ಮ್ಯಾಲೆ ಕುಂತು ಅಮೆರಿಕಾ ಆಳ್ತಿ ನೋಡ ತಂಗಿ,” ಎನ್ನುತ್ತಿದ್ದ. ನಗುತ್ತ ನಗುತ್ತ ಕೆಮ್ಮುತ್ತಿದ್ದ.

ಆ ಕೆಮ್ಮು ನಿಲ್ಲಲಿಲ್ಲ. ಊರಿನ ದವಾಖಾನೆಯಲ್ಲಿ ಎಕ್ಸ್‌ರೇ ನೋಡಿ ಕ್ಷಯ ಎಂದರು, ಗುಳಿಗೆ ಶುರುವಾಯಿತು. ತಿಂಗಳುಗಳು ಕಳೆದವು. ಅವನು ಇಳಿಯುತ್ತಲೇ ಹೋದ. ಬೈಕ್ ಬಿಟ್ಟ, ಬಸ್ಸಿಗೆ ಬಂದ, ಆಮೇಲೆ ಬರುವುದನ್ನೇ ಬಿಟ್ಟ. ನೆಂಟರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಬೀಡಿ ಅಂದರು, ಗುಳಿಗೆ ಸರಿಯಾಗಿ ನುಂಗುತ್ತಿಲ್ಲ ಅಂದರು, ಹೆಂಡತಿ ಅಡಿಗೆ ಬಿಟ್ಟು ಸೆಂಟರ್ ನಡೆಸುತ್ತಾಳೆ ಅಂದರು. ಹುಲುಗಪ್ಪನ ತಾಯಿ ಹನುಮಕ್ಕ ಊರಿಂದ ಬಂದು ಮಗನ ಹಾಸಿಗೆಯ ಪಕ್ಕ ಕೂತಳು. ಗಳಿಗೆ ತಪ್ಪದ ಹಾಗೆ ಗುಳಿಗೆಯನ್ನು ತನ್ನ ಕೈಯಾರೆ ನುಂಗಿಸುತ್ತಿದ್ದಳು.

ಆ ದಿನಗಳಲ್ಲೇ ನನಗೆ ಎದೆಯ ಡಾಕ್ಟರೊಬ್ಬರ ಫೈಲುಗಳು ಬರುತ್ತಿದ್ದವು. ಕೆಮ್ಮಿನ ರೋಗಿ ಯಾರೇ ಇರಲಿ, ಅವರು ಮೊದಲು ಹೇಳುತ್ತಿದ್ದದ್ದು ಆ ಮನುಷ್ಯ ಏನು ಕೆಲಸ ಮಾಡುತ್ತಾನೆ ಎಂಬುದನ್ನು. ಟೈಪು ಮಾಡುತ್ತ ಮಾಡುತ್ತ ಒಂದು ದಿನ ನನ್ನ ಕೈ ನಿಂತಿತು. ಪಂಪಕ್ಕ ಪಕ್ಕದಲ್ಲೇ ಇದ್ದಳು.

“ಅಕ್ಕ, ಹುಲುಗಪ್ಪಣ್ಣ ಏನು ಕೆಲಸ ಮಾಡ್ತಾರ ಅಂತ ಇಲ್ಲಿ ಡಾಕ್ಟರು ಕೇಳ್ಯಾರೇನು?”

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದಳು. “ಇಲ್ಲ,” ಎಂದಳು. “ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.” ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು.

ಅದೇ ವಾರ ಅವನನ್ನು ಹುಬ್ಬಳ್ಳಿಗೆ ಕರೆದೊಯ್ದಳು. ಕಫದ ಪರೀಕ್ಷೆ ಮತ್ತೆ ಮತ್ತೆ ಆಯಿತು. ಕ್ಷಯ ಇರಲಿಲ್ಲ. ಕಲ್ಲಿನ ಧೂಳು ಶ್ವಾಸಕೋಶದೊಳಗೆ ಕೂತು ಗಟ್ಟಿಯಾಗುವ ರೋಗ ಅದು. ಅಲ್ಲಿಯ ಡಾಕ್ಟರು ಕ್ಷಯದ ಗುಳಿಗೆ ನಿಲ್ಲಿಸಿದರು. ಬೇರೇನು ಕೊಡಬೇಕೆಂದು ಕೇಳಿದರೆ, ಕೊಡುವಂಥದ್ದು ಹೆಚ್ಚೇನಿಲ್ಲ ಎಂದರು. ವಾಪಸಾದ ದಿನ ಪಂಪಕ್ಕ ನಮ್ಮ ಕಟ್ಟೆಯ ಮೇಲೆ ಕೂತು ಅಷ್ಟನ್ನೂ ಹೇಳಿದಳು. ಕಡೆಗೆ, “ಎಲ್ಲಿ ಕೆಟ್ಟೈತಿ ಅಂತ ಗೊತ್ತಾತು. ತಗದು ಬ್ಯಾರೆ ಹಾಕಾಕ ಬರಂಗಿಲ್ಲ,” ಎಂದಳು. ಆ ದಿನ ಅವ್ವ ಅವಳ ತಲೆ ಸವರಿದಳು. ಅವಳು ಬೇಡ ಎನ್ನಲಿಲ್ಲ.

ಚಳಿಗಾಲ ಕಳೆಯುವ ಮುಂಚೆ ಹುಲುಗಪ್ಪ ತೀರಿಕೊಂಡ. ಮಣ್ಣು ಮುಗಿಸಿ ಬಂದವರ ನಡುವೆಯೇ ಹನುಮಕ್ಕ ಸೊಸೆಯನ್ನು ನೋಡಿ, “ಗುಳಿಗಿ ಬಿಡಿಸಿದಿ. ನನ್ನ ಮಗನ್ನ ತಿಂದಿ,” ಎಂದಳು. ಆ ಮೇಲೆ ಸೊಸೆಯ ಜೊತೆ ಅವಳು ಮಾತು ಬಿಟ್ಟಳು.

ಪಂಪಕ್ಕ ಸೆಂಟರ್ ಮುಚ್ಚಿದಳು. ಕಂಪ್ಲಿಯ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೇ ಬಾಡಿಗೆಗೆ ಒಂದು ಮನೆ ಹಿಡಿದಳು. ಒಬ್ಬನೇ ಮಗನನ್ನು ಕಳೆದುಕೊಂಡ ಹನುಮಕ್ಕ ಬೇರೆ ದಿಕ್ಕಿಲ್ಲದೆ ಅವಳ ಜೊತೆಗೇ ಹೋದಳು.

ಕೆಲವು ತಿಂಗಳ ನಂತರ ನಾನು ಬಸ್ಸು ಹತ್ತಿ ಕಂಪ್ಲಿಗೆ ಹೋದೆ. ಕೋಟೆ ಕಡೆಯ ಓಣಿಯಲ್ಲಿ ಮನೆ. ಒಂದೇ ಪಡಸಾಲೆ, ಹಿಂದೊಂದು ಅಡಿಗೆಮನೆ. ಹನುಮಕ್ಕ ಗೋಡೆಗೆ ಒರಗಿ ಕೂತಿದ್ದಳು. ಪಂಪಕ್ಕ ಸೊರಗಿದ್ದಳು, ಕೂದಲಲ್ಲಿ ಅಲ್ಲಲ್ಲಿ ಗಿರಣಿಯ ತೌಡಿತ್ತು. ನನ್ನ ಕೆಲಸ ಹೇಗೆ ನಡೆದಿದೆ, ಮಷೀನ್ ಹೇಗಿದೆ ಎಂದು ಕೇಳಿದಳು. ಚಹಾ ಕೊಟ್ಟು, ಅತ್ತೆ ಎದುರಿಗಿರುವಂತೆಯೇ ಕೇಳಿದಳು:

“ನಾ ಮಾಡಿದ್ದು ಸರಿ ಇತ್ತೇನ ಶಾರದಾ?”

ಅವಳು ನನ್ನನ್ನು ಹಾಗೆ ಏನನ್ನೂ ಕೇಳಿದವಳಲ್ಲ. “ಸರಿ ಇತ್ತಕ್ಕ,” ಎಂದೆ. “ಗುಳಿಗಿ ಬಿಡಿಸಿದ್ದು ಡಾಕ್ಟರಲ್ಲೇನು?”

“ಬಿಡಿಸಿದ್ದು ಡಾಕ್ಟರು. ಕರಕೊಂಡು ಹೋದಾಕಿ ನಾನು.” ಲೋಟದ ಅಂಚನ್ನು ಬೆರಳಿನಿಂದ ಒರೆಸುತ್ತಿದ್ದಳು. “ಗುಳಿಗಿಯಿಂದ ಉಳೀತಿರಲಿಲ್ಲ ಅಂತ ನನಗ ಗೊತ್ತೈತಿ. ಆದ್ರ ಬೆಳಿಗ್ಗೆ ಎದ್ದ ಕೂಡಲೆ ಗೊತ್ತಿರಂಗಿಲ್ಲ ನೋಡು. ಒಂದಿಷ್ಟು ಹೊತ್ತು ಬೇಕಾಗ್ತೈತಿ.”

ಆಗ ಗೋಡೆಯ ಕಡೆಯಿಂದ ಹನುಮಕ್ಕನ ದನಿ ಬಂತು, ನನಗೆ.

“ಏನವ್ವ, ಆಕಿಗಿ ಹೇಳು. ನಿನ್ನೆಯಿಂದ ಉಂಡಿಲ್ಲ ಆಕಿ. ಉಣ್ಣು ಅನ್ನು.”

ಪಂಪಕ್ಕ ಕೈ ಚಾಚಿದರೆ ಸಿಗುವಷ್ಟು ದೂರದಲ್ಲೇ ಕೂತಿದ್ದಳು. ಆದರೂ ನಾನು ತಿರುಗಿ ಹೇಳಿದೆ. “ಉಣ್ಣಬೇಕಂತ ಅಕ್ಕ.”

“ಆಕಿಗೂ ಹೇಳು,” ಎಂದಳು ಪಂಪಕ್ಕ. “ಆಕಿ ಉಂಡ್ರ ನಾ ಉಣ್ತೀನಂತ.”

ಅದನ್ನೂ ತಿರುಗಿ ಹೇಳಿದೆ. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು, ಆಗಲಿ ಎಂಬಂತೆ ಗೋಣು ಹಾಕಿದಳು. ಮೂವರೂ ಕೂತು ಅನ್ನ ಸಾರು ಉಂಡೆವು. ಸಂಜೆ ಪಂಪಕ್ಕ ಬಸ್ಸಿನ ತನಕ ಬಂದು, ಕಂಡಕ್ಟರಿಗೆ ತಡೆಯಲು ಹೇಳಿ, ನನ್ನ ರಟ್ಟೆ ಹಿಡಿದು ಹತ್ತಿಸಿದಳು. ಬಸ್ಸು ಹೊರಡುವ ಮುಂಚೆಯೇ ತಿರುಗಿ ನಡೆದಳು.

ಮತ್ತೊಮ್ಮೆ ಹೋಗುವ ಹೊತ್ತಿಗೆ ವರ್ಷದ ಮೇಲಾಗಿತ್ತು. ಅವಳ ಫೋನು ಹತ್ತುತ್ತಿರಲಿಲ್ಲ. ಮನೆಗೆ ಬೀಗ. ಗಿರಣಿಯಲ್ಲಿ ಕೇಳಿದರೆ ಬಿಟ್ಟು ಹೋದರು ಎಂದರು. ಪಕ್ಕದ ಮನೆಯ ಹೆಂಗಸು ಮೊರದಲ್ಲಿ ಅಕ್ಕಿ ಕೇರುತ್ತ ಬಾಗಿಲಲ್ಲಿ ಕೂತಿದ್ದಳು.

“ಇಬ್ಬರೂ ಒಂದ ಆಟೋದಾಗ ಹೋದ್ರವ್ವ,” ಎಂದಳು.

“ಎಲ್ಲಿಗೆ?”

“ಹೇಳಲಿಲ್ಲ. ಮುದುಕಿ ಊರ ಕಡೆ ಇರಬೇಕು.”

“ಹೋಗುವಾಗ ಒಬ್ಬರಿಗೊಬ್ಬರು ಮಾತಾಡಿದ್ರೇನು?”

ಆಕೆ ಕೇರುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

“ಅದನ್ಯಾರು ಕೇಳಸ್ಕೊಂಡ್ರವ್ವ? ಗಂಟು ಭಾಳ ಇದ್ದವು. ಮುದುಕಿ ಮೊದಲು ಹತ್ತಿ ಕುಂತು, ಒಂದು ಗಂಟು ತನ್ನ ತೊಡಿ ಮ್ಯಾಲೆ ಇಟಗೊಂಡು ಆಕಿಗೆ ಜಾಗಾ ಮಾಡಿದ್ಲು. ಅಷ್ಟ ನಾ ನೋಡಿದ್ದು.”